ಎಡೆಯಲ್ಲಿಟ್ಟ ವೈಫೈ ಡಬ್ಬಿ

ಮಕ್ಕಳು ಮಲಗಿದವಾ? ಸರಿಯಾಗಿ ನೋಡಿ... ಕಣ್ಣು ಮುಚ್ಚಿ ಕಿವಿ ತೆರೆದುಕೊಂಡು ಬಿದ್ದಿರುತ್ತವೆ. ನನ್ನದೊಂದು ಇದೆಯಲ್ಲ, ಅದಂತೂ ಪಕ್ಕಾ ಕಳ್ಳಿ. ಮಲಗಿದ್ದರೆ ಹೇಳುತ್ತೇನೆ. ಕಟ್ಟಿದ ಕತೆಯಲ್ಲ. ನನ್ನ ದೊಡ್ಡಮ್ಮನ ಮಗ ಮಾಲತೇಶನ ಮನೆಯಲ್ಲಿ ನಡೆದದ್ದು. ಕೊನೆಯ ಎರಡು ದಿನ ನಾನೇ ಅಲ್ಲಿದ್ದೆ.

ಮಾಲತೇಶ ನನಗಿಂತ ಎರಡು ವರ್ಷ ಚಿಕ್ಕವನು. ನ್ಯಾಮತಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವತ್ತು ಶಟರ್ ಎಳೆದು ಮನೆ ಕಡೆ ಹೊರಟಾಗ ರಾತ್ರಿ ಒಂಬತ್ತು ದಾಟಿತ್ತು. ಬೈಕ್ ಪಂಕ್ಚರ್ ಆಗಿತ್ತಂತೆ, ನಡೆದೇ ಹೊರಟ. ದಾರಿಯಲ್ಲಿ ಒಂದು ಹಾಳು ಬಾವಿ. ಕೋಳಿ ಪುಕ್ಕ, ಕೊಳೆತ ಟೊಮೆಟೊ, ಮಕ್ಕಳ ಡೈಪರ್... ಊರವರೆಲ್ಲ ತಂದು ಸುರಿದೂ ಸುರಿದೂ, ಅದರ ಪಕ್ಕ ಹಾದರೆ ಮೂಗು ಸುಟ್ಟುಹೋಗುತ್ತದೆ. ಅಂಥ ಬಾವಿಯಲ್ಲಿ ಮರ್ಯಾದೆ ಇರುವ ದೆವ್ವ ಯಾವುದೂ ಇರಲಾರದು.

ಅವನು ಬಾವಿ ದಾಟಿದ. ಹಿಂದೆ ಸದ್ದು...

ಟುಕ್. ಟುಕ್. ಟುಕ್. ಆಮೇಲೆ ಸರ್ರ್... ಕಬ್ಬಿಣದೊಳಗೆ ಕಬ್ಬಿಣ ತಿರುವಿದ ಹಾಗೆ. ಮತ್ತೆ ಟುಕ್. ಟುಕ್. ಟುಕ್.

ಅವನು ನಿಂತ. ಸದ್ದು ನಿಲ್ಲಲಿಲ್ಲ.

ಓಡೋಡಿ ಮನೆಗೆ ಬಂದು ಹೆಂಡತಿ ಚೈತ್ರಾಳಿಗೆ ಹೇಳಿದ. ಅವಳು ಎಂಟು ತಿಂಗಳ ಕೂಸನ್ನು ತೊಟ್ಟಿಲಿಗೆ ಹಾಕುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಮೂರು ಸಲ ಕುಟ್ಟಿ ಒಂದು ಸಲ ತಿರುವೋದು..." ಪಿಸುಗುಟ್ಟಿದಳು. "ನಮ್ಮಜ್ಜಿ ಹಂಗೇ ಅಲ್ಲೇನ್ರೀ ಎಲೆಯಡಿಕೆ ಕುಟ್ತಿದ್ದು?"

"ಸುಮ್ನಿರೆ. ಯಾರೋ ಬೋಲ್ಟ್ ಬಿಚ್ತಿರಬೇಕು."

"ರಾತ್ರಿ ಒಂಬತ್ತಕ್ಕೆ? ಬಾವಿ ಹತ್ರ?"

ಅವನು ಗೋಡೆ ಕಡೆ ಮುಖ ತಿರುಗಿಸಿದ. ಯಾಕೆ ತಿರುಗಿಸಿದ ಎಂದು ಹೇಳುತ್ತೇನೆ, ಕೇಳಿ.

ಚೈತ್ರಾಳ ಅಜ್ಜಿ ಸಾವಂತ್ರಮ್ಮ, ಗೋವಿನಕೋವಿಯವಳು, ತೀರಿಕೊಂಡು ಅವತ್ತಿಗೆ ಹನ್ನೊಂದು ದಿನ. ಬಾಯಲ್ಲಿ ಒಂದು ಹಲ್ಲಿಲ್ಲ. ಪುಟ್ಟದೊಂದು ಕಬ್ಬಿಣದ ಒರಳಿನಲ್ಲಿ ಎಲೆಯಡಿಕೆ ಕುಟ್ಟಿ ಬಾಯಿಗೆ ಹಾಕಿಕೊಳ್ಳುವಳು. ಕೊನೆಯ ಒಂದು ವರ್ಷ ಮಂಚ ಬಿಟ್ಟು ಏಳಲಿಲ್ಲ. ಅವಳ ಕೋಣೆಯೊಳಗೆ ಫೋನಿಗೆ ಸಿಗ್ನಲ್ ಬರುವುದಿಲ್ಲ ಎಂದು ಚೈತ್ರಾ ಒಂದು ವೈಫೈ ಡಬ್ಬಿ ಕೊಡಿಸಿದ್ದಳು. ಜೇಬಿನಲ್ಲಿ ಹಿಡಿಸುವಂಥದ್ದು. ಒಂದು ಸಿಮ್ ಹಾಕಿ ಕಿಟಕಿಯಲ್ಲಿಟ್ಟರೆ ಮನೆಗೆಲ್ಲ ನೆಟ್ ಬರುತ್ತದಲ್ಲ, ಅದು. ದಿನಾ ಸಂಜೆ ಏಳಕ್ಕೆ ಮುದುಕಿ ಫೋನ್ ಹಿಡಿದು, "ಕೂಸಿನ ಮಖ ತೋರ್ಸೇ," ಎನ್ನುವಳು. ಕೂಸೂ ಆ ಬೋಳು ಬಾಯಿ ನೋಡಿ ಕೇಕೆ ಹಾಕುತ್ತಿತ್ತು. ಮಾತು ಮುಗಿದ ಮೇಲೆ ಡಬ್ಬಿಯನ್ನು ಕಿಟಕಿಯಿಂದ ತರಿಸಿ, ಎಲೆಯಡಿಕೆ ಚೀಲದೊಳಗೆ ಹಾಕಿ ಗಂಟು ಬಿಗಿಯುವಳು. ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಸತ್ತಾಗ ಮಗ ಮೂಕಪ್ಪ ಫೋನನ್ನು ಅವಳ ಮಡಿಲಲ್ಲೇ ಇಟ್ಟು ಮಣ್ಣು ಮಾಡಿದ. ಡಬ್ಬಿ ಮರೆತುಹೋಗಿತ್ತು. ಮೂರನೇ ದಿನ ಹಾಲು ತುಪ್ಪ ಬಿಡಲು ಹೋದಾಗ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತೇವಲ್ಲ... ಹೋಳಿಗೆ, ತುಪ್ಪ, ಎಲೆಯಡಿಕೆ. ಅದರ ಪಕ್ಕ ಆ ಡಬ್ಬಿಯನ್ನೂ ಇಟ್ಟರು. ಎಲ್ಲರೂ ದೂರ ಸರಿದು ಕಾಗೆಗೆ ಕಾದರು. ಕಾಗೆ ಎಡೆ ಮುಟ್ಟಿತು. ತಿರುಗಿ ನೋಡದೆ ಮನೆಗೆ ಹೊರಟರು.

ಒಬ್ಬ ತಿರುಗಿ ನೋಡಿದ. ನೋಡಿದ್ದಷ್ಟೇ ಅಲ್ಲ, ಟವೆಲ್ ಬಿಟ್ಟು ಬಂದೆ ಎಂದು ವಾಪಸ್ ಹೋಗಿ, ಹೆಂಡತಿಯ ಅಜ್ಜಿಯ ಎಡೆಯಿಂದ ಡಬ್ಬಿ ಎತ್ತಿ ಜೇಬಿಗಿಳಿಸಿದ. ತುಪ್ಪ ಮೆತ್ತಿತ್ತಂತೆ. ಪ್ಯಾಂಟಿಗೆ ಒರೆಸಿಕೊಂಡನಂತೆ. ಥೂ!

ಇದು ನಮಗೆ ಗೊತ್ತಾದದ್ದು ಆಮೇಲೆ. ನಿಮಗೆ ಈಗಲೇ ಹೇಳಿಬಿಟ್ಟೆ, ಒಳಗಿಟ್ಟುಕೊಂಡರೆ ನನಗೇ ವಾಕರಿಕೆ.

ಮಾಲತೇಶನಿಗೆ ಆ ಡಬ್ಬಿ ಯಾಕೆ ಬೇಕಿತ್ತು ಅಂದರೆ, ಅವನ ವ್ಯಾಪಾರವೇ ಅದು. ಗುಜರಿಯವರಿಂದ ಅಂಥ ಹಳೆಯ ಡಬ್ಬಿಗಳನ್ನು ಚೀಲದಲ್ಲಿ ತುಂಬಿ ತರುತ್ತಾನೆ. ಕಂಪನಿಯ ಸಾಫ್ಟ್‌ವೇರ್ ಇದ್ದರೆ ಅವು ಆ ಕಂಪನಿಯ ಸಿಮ್ಮಿಗೆ ಮಾತ್ರ ಕೆಲಸ ಮಾಡುತ್ತವೆ. ಇವನು ಅದನ್ನು ಅಳಿಸಿ, ಪುಕ್ಕಟೆ ಸಿಗುವ ಬೇರೆಯದನ್ನು ತುಂಬುತ್ತಾನೆ. ಅದು ಯಾವ ಕಂಪನಿಯದೂ ಅಲ್ಲ. ಎಲ್ಲೆಲ್ಲಿಯವರೋ ಕೂತು ಬರೆದು, ಬೇಕಾದವರು ಬಿಚ್ಚಿ ಓದಲಿ, ತಿದ್ದಲಿ, ಬಳಸಲಿ ಎಂದು ಬಿಟ್ಟದ್ದಂತೆ. ಆಮೇಲೆ ಯಾವ ಸಿಮ್ ಹಾಕಿದರೂ ನಡೆಯುತ್ತದೆ. ಆ ಕೆಲಸದಲ್ಲಿ ತಪ್ಪಿಲ್ಲ, ಒಳ್ಳೆಯ ಕೆಲಸವೇ. ಹೊಲಸು ಇದ್ದದ್ದು ಇವನ ಕೈಯಲ್ಲಿ.

ನಾನು ನೋಡಿದ್ದೇನೆ. ಡಬ್ಬಿಗೆ ವೈರ್ ಚುಚ್ಚಿ, ಪಿನ್ನಿನಿಂದ ಒತ್ತಿ ಹಿಡಿಯುತ್ತಾನೆ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಇರುವೆ ಸಾಲಿನ ಹಾಗೆ ಹರಿಯುತ್ತವೆ. ನಾಲ್ಕೈದು ನಿಮಿಷ ವೈರ್ ಅಲ್ಲಾಡಬಾರದು. ನಡುವೆ ಕರೆಂಟ್ ಹೋಯಿತೋ, ಡಬ್ಬಿ ಡೆಡ್. ಹಾಗೆ ಸತ್ತವುಗಳ ನೆತ್ತಿಗೆ ಚೈತ್ರಾಳ ನೈಲ್ ಪಾಲಿಶ್‌ನಿಂದ ಒಂದು ಕೆಂಪು ಬೊಟ್ಟು ಇಟ್ಟು ಬುಟ್ಟಿಗೆ ಎಸೆಯುತ್ತಾನೆ. ಈ ಕೆಂಪು ಬೊಟ್ಟು ನೆನಪಿಟ್ಟುಕೊಳ್ಳಿ.

ಅಜ್ಜಿಯ ಡಬ್ಬಿಗೂ ಹಾಗೇ ಹೊಸ ಸಾಫ್ಟ್‌ವೇರ್ ತುಂಬಿದ. ಹೊಸ ಹೆಸರು, ಹೊಸ ಪಾಸ್‌ವರ್ಡ್. ಬ್ಯಾಟರಿ ಚೆನ್ನಾಗಿತ್ತಂತೆ, ಸ್ವಂತಕ್ಕೆ ಎಂದು ಮನೆಗೇ ತಂದ. ಇಟ್ಟದ್ದೆಲ್ಲಿ ಗೊತ್ತಾ? ತೊಟ್ಟಿಲ ಮೇಲಿನ ಶೆಲ್ಫಿನಲ್ಲಿ. ಚೈತ್ರಾ ಕೇಳಿದ್ದಕ್ಕೆ, "ಗುಜರಿಯಿಂದ ತಂದೆ," ಅಂದ.

ಬಾವಿಯ ಹತ್ತಿರ ಸದ್ದಾದ ಮರುದಿನ ಸಂಜೆ ಏಳರ ಹೊತ್ತಿಗೆ ನೆಟ್ ನಿಧಾನವಾಯಿತು. ಪಕ್ಕದ ಮನೆಯವರು ಕದಿಯುತ್ತಿರಬೇಕು ಎಂದು ಚೈತ್ರಾ ಫೋನಿನಲ್ಲಿ ಡಬ್ಬಿಯ ಪುಟ ತೆರೆದಳು. ಆ ಹೊಸ ಸಾಫ್ಟ್‌ವೇರ್‌ನಲ್ಲಿ ಒಂದು ಪಟ್ಟಿ ಬರುತ್ತದೆ. ಡಬ್ಬಿಯಿಂದ ಯಾವ ಯಾವ ಫೋನು ನೆಟ್ ಎಳೆಯುತ್ತಿವೆ ಎಂದು ಹೆಸರು, ಪಕ್ಕದಲ್ಲಿ ಒಂದು ಅಂಕಿ. ತೊಂಬತ್ತು ಅಂದರೆ ಫೋನು ದೂರ ಇದೆ, ಈಗಲೋ ಆಗಲೋ ಕಡಿದುಹೋಗುವಷ್ಟು ದೂರ. ಐವತ್ತು ಅಂದರೆ ಪಕ್ಕದ ಕೋಣೆ. ಇಪ್ಪತ್ತು ಅಂದರೆ ಡಬ್ಬಿಗೆ ತಾಗಿಕೊಂಡೇ ಇದೆ. ಕಂಪನಿಯದರಲ್ಲಿ ಈ ಅಂಕಿ ಕಾಣುತ್ತಲೇ ಇರಲಿಲ್ಲ.

ಪಟ್ಟಿಯಲ್ಲಿ ಮೂರು ಹೆಸರಿದ್ದವು. ಒಂದು ಅವಳದು. ಒಂದು ಗಂಡನದು. ಮೂರನೆಯದು...

ಅಜ್ಜಿ. ಎಂಬತ್ತೆಂಟು.

ಆ ಹೆಸರನ್ನು ಮುದುಕಿಯ ಫೋನಿಗೆ ಇಟ್ಟವಳು ಚೈತ್ರಾಳೇ. ಆ ಫೋನು ಮಣ್ಣಿನೊಳಗೆ ಹೋಗಿ ಹನ್ನೆರಡು ದಿನ. ಹೊಸ ಪಾಸ್‌ವರ್ಡ್ ಗಂಡ ಹೆಂಡಿರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಮರುದಿನ ಅದೇ ಹೊತ್ತಿಗೆ ಎಪ್ಪತ್ತೊಂಬತ್ತು. ಅದರ ಮರುದಿನ ಎಪ್ಪತ್ತು.

ಇತ್ತ ಕೂಸು ಹಾಲು ಬಿಟ್ಟಿತು. ಏಳು ಗಂಟೆಯಾಗುತ್ತಲೇ ಬಾಗಿಲ ಕಡೆ ಮುಖ ತಿರುಗಿಸಿ ಒಂದು ಸಲ ಕೇಕೆ ಹಾಕುವುದು... ಆಮೇಲೆ ಕಕ್ಕುವುದು. ಮೈ ಕೆಂಡ. ಅಂಕಿ ಇಳಿದ ಹಾಗೆ ಜ್ವರ ಏರುತ್ತಿತ್ತು. ಚೈತ್ರಾ ಚನ್ನಗಿರಿಯಲ್ಲಿದ್ದ ನನಗೆ ಫೋನ್ ಮಾಡಿದಳು.

"ಅಕ್ಕ... ಅಜ್ಜಿ ಬರ್ತಾ ಐತೆ. ದಿನಾ ಒಂದಿಷ್ಟು ಹತ್ರ."

"ಎಲ್ಲಿಗೇ?"

"ತೊಟ್ಟಿಲಿಗೆ."

ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬೆಳಗಿನ ಬಸ್ಸು ಹತ್ತಿದೆ. ಹೊನ್ನಾಳಿಯಲ್ಲಿ ಇಳಿದಾಗ ಅವರು ಕೂಸನ್ನು ಅಲ್ಲಿನ ಡಾಕ್ಟರಿಗೆ ತೋರಿಸುತ್ತಿದ್ದರು. ರಕ್ತ ನೋಡಿದರು, ಏನೂ ಇಲ್ಲ ಅಂದರು, ಒಂದು ಸಿರಪ್ ಕೊಟ್ಟರು. ಮಾಲತೇಶ ನನ್ನ ಮುಖ ನೋಡಲಿಲ್ಲ. ಆಗಲೇ ನನಗೆ ಅನುಮಾನ. ಚಿಕ್ಕಂದಿನಿಂದ ಬಲ್ಲೆ, ಕದ್ದು ಬೆಲ್ಲ ತಿಂದಾಗಲೂ ಅವನು ಹಾಗೇ ಗೋಡೆ ನೋಡುತ್ತಿದ್ದ.

ಸಂಜೆ ನ್ಯಾಮತಿಯ ಮನೆಯಲ್ಲಿ ಕೂತಿದ್ದೆವು. ಏಳು ಗಂಟೆ. ಅಂಕಿ ಐವತ್ತೆಂಟು.

ನಾನೂ ಕೇಳಿದೆ. ಬೀದಿಯಲ್ಲಿ, ಗೇಟಿನಿಂದ ಸ್ವಲ್ಪ ಆಚೆ... ಟುಕ್. ಟುಕ್. ಟುಕ್. ಸರ್ರ್.

ಎದ್ದು ಶೆಲ್ಫಿನಿಂದ ಡಬ್ಬಿ ತೆಗೆದೆ. ಕೈಗೆ ಅಂಟಿತು. ಮೂಗಿಗೆ ಹಿಡಿದೆ... ಹಳಸಿದ ತುಪ್ಪ. ಸಿಮ್ ಹಾಕುವ ಬಾಗಿಲನ್ನು ಉಗುರಿನಿಂದ ಎಬ್ಬಿಸಿದೆ. ಒಳಗೆ ಹಳದಿಗಟ್ಟಿದ ತುಪ್ಪ, ಅದರಲ್ಲಿ ಸತ್ತ ಇರುವೆ ನಾಲ್ಕು, ಚೂರು ಅರಿಶಿನ. ಮತ್ತೆ ಒಂದು ಬಿಳಿ ಕೂದಲು. ಎಳೆದರೆ ಬರುತ್ತಲೇ ಇತ್ತು, ಮೊಳದುದ್ದ.

ಚೈತ್ರಾ ಆ ಕೂದಲು ನೋಡಿದಳು. "ಇದು ಗುಜರೀದಲ್ಲ," ಅಂದಳು. ಅಷ್ಟೇ. ಗಂಡನ ಕಡೆ ತಿರುಗಿದಳು. "ಎಡೆಯಿಂದ ಎತ್ಕೊಂಡು ಬಂದ್ರಾ?"

"ಅಲ್ಲ ಕಣೇ... ಅಲ್ಲಿಟ್ಟು ಏನು ಮಾಡ್ತಿದ್ರಿ? ಕಾಗೆ ಡಬ್ಬಿ ತಿಂತೈತಾ? ಕಾಗೆ ಹೋಳಿಗೆ ಮುಟ್ಟಿದ ಮ್ಯಾಲೇ ತಗೊಂಡೆ."

"ಓಹೋ, ಕಾಗೆಗಿಂತ ನಿಯತ್ತಿನವನು ನೀನು!" ಅಂದೆ. "ಕಾಗೆ ಉಂಡು ಬಿಟ್ಟಿದ್ದನ್ನ ಬಾಚಿಕೊಂಡು ಬಂದು ಕೂಸಿನ ತಲೆ ಮ್ಯಾಲೆ ಇಟ್ಟಿದೀಯಲ್ಲೋ. ನಿನಗೆ ಅಸಹ್ಯ ಅನ್ನೋದು ಹುಟ್ಟಲೇ ಇಲ್ಲೇನೋ?"

"ಅಕ್ಕ, ಪೂರ್ತಿ ಅಳಿಸೀನಿ. ಅದರಾಗೆ ಅಜ್ಜೀದು ಏನೂ ಇಲ್ಲ. ಎಲ್ಲಾ ಹೊಸದು."

"ಹಂಗಾದ್ರೆ ಹೊರಗೆ ಕುಟ್ತಿರೋದು ಯಾರು?"

ಬೆಳಗ್ಗೆ ಎದ್ದ ತಕ್ಷಣ ವಾಪಸ್ ಇಟ್ಟು ಬರುತ್ತೇನೆ ಎಂದು ಕೂಸಿನ ತಲೆ ಮುಟ್ಟಿ ಹೇಳಿದ. ಆ ರಾತ್ರಿ ಚೈತ್ರಾ, ನಾನು ಕಣ್ಣು ಮುಚ್ಚಲಿಲ್ಲ. ಒದ್ದೆ ಬಟ್ಟೆ ಹಾಕಿ ಹಾಕಿ ಕೈ ಸೆಟೆದುಕೊಂಡಿತು.

ಬೆಳಗ್ಗೆ ಹೋದ. ಹತ್ತಕ್ಕೆ ಬಂದ. "ಇಟ್ಟು ಕೈ ಮುಗಿದು ಬಂದೆ," ಅಂದ. ಮನೆ ತೊಳೆದೆವು. ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಿದೆವು. ಇನ್ನೇನು, ಮುಗಿಯಿತು ಎಂದುಕೊಂಡೆವು.

ಏಳು ಗಂಟೆಗೆ ಮನೆಯಲ್ಲಿ ಡಬ್ಬಿ ಇರಲಿಲ್ಲ. ಅಂಕಿ ನೋಡುವ ಹಾಗಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಟುಕ್... ಅಂಗಳದಲ್ಲಿ. ತುಳಸಿ ಕಟ್ಟೆಯ ಹತ್ತಿರ.

ಕೂಸು ಕೇಕೆ ಹಾಕಲಿಲ್ಲ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೈಕಾಲು ಸೆಟೆದವು. ಚೈತ್ರಾ ಕಿರುಚಲಿಲ್ಲ, ಎದೆಗೆ ಒತ್ತಿಕೊಂಡು, "ಹೋಗಬ್ಯಾಡ... ಹೋಗಬ್ಯಾಡ..." ಎಂದು ಅದರ ಕಿವಿಯಲ್ಲಿ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕೂಸು ಸಡಿಲವಾಗಿ ಅತ್ತಿತು. ಹೊರಗೆ ಕುಟ್ಟುವುದು ನಿಲ್ಲಲಿಲ್ಲ.

ನಾನು ಮಾಲತೇಶನ ಅಂಗಿಯ ಕೊರಳಪಟ್ಟಿ ಹಿಡಿದೆ. "ಯಾವ ಡಬ್ಬಿ ಇಟ್ಟು ಬಂದೆಯೋ?"

ಗೋಡೆ ನೋಡಿದ.

"ಯಾವ ಡಬ್ಬಿ?"

"...ಬುಟ್ಟೀಲಿದ್ದದ್ದು."

"ಸತ್ತಿದ್ದಾ?"

"ನೋಡಾಕೆ ಎಲ್ಲಾ ಒಂದೇ ಥರ ಐತಲ್ಲಕ್ಕ. ಕೆಂಪು ಬೊಟ್ಟು ಬೇರೆ ಇತ್ತು... ಕುಂಕುಮ ಇಟ್ಟಂಗೆ ಕಾಣ್ತೈತೆ ಅಂತ..."

"ಬ್ಯಾಟರಿನಾದ್ರೂ ಬಿಟ್ಟಿದ್ಯಾ?"

"ಬ್ಯಾಟರಿ ಯಾಕೆ ಮಣ್ಣಾಗೆ ಹಾಳು ಮಾಡೋದು ಅಂತ ತೆಗೆದೆ."

ಸತ್ತವಳಿಗೂ ಡೂಪ್ಲಿಕೇಟ್ ಕೊಟ್ಟಿದ್ದ. ತನ್ನ ಕೂಸು ಬೆಂಕಿಯಾಗಿ ಮಲಗಿರುವಾಗ, ಅದರ ತಲೆ ಮುಟ್ಟಿ ಮಾತು ಕೊಟ್ಟು, ಒಂದು ಹಾಳು ಬ್ಯಾಟರಿಯ ಆಸೆ! ಹೊಡೆದೆ. ಸುಳ್ಳು ಹೇಳುವುದಿಲ್ಲ, ಎರಡು ಬಾರಿಸಿದೆ. ಚೈತ್ರಾ ತಡೆಯಲಿಲ್ಲ.

"ಅಜ್ಜಿಯದು ಎಲ್ಲಿ?"

"ಅಂಗಡೀಲಿ. ಜಗಳೂರಿಗೆ ಇಪ್ಪತ್ತು ಡಬ್ಬಿ ಕಳಿಸಬೇಕು ಬೆಳಗಿನ ಬಸ್ಸಿಗೆ. ಒಂದು ಕಡಿಮೆ ಬಿದ್ದಿತ್ತು... ಆ ಚೀಲಕ್ಕೆ ಹಾಕಿದೆ."

ಚೈತ್ರಾಳನ್ನು ಒಳಗಿನಿಂದ ಚಿಲಕ ಹಾಕಿಕೊಳ್ಳಲು ಹೇಳಿ ಅಂಗಡಿಗೆ ಓಡಿದೆವು. ಶಟರ್ ಎತ್ತಿ ಚೀಲವನ್ನು ಟೇಬಲ್ಲಿನ ಮೇಲೆ ಸುರಿದ. ಇಪ್ಪತ್ತೂ ಒಂದೇ ಬಣ್ಣ, ಒಂದೇ ಅಳತೆ. ಅಜ್ಜಿಯದರ ತುಪ್ಪ, ಇರುವೆಯನ್ನೂ ಬಳಿದು ತೆಗೆದು, ಎಲ್ಲಕ್ಕೂ ಸ್ಪಿರಿಟ್ ಹಚ್ಚಿ ಒರೆಸಿ, ಹೊಸ ಸ್ಟಿಕ್ಕರ್ ಅಂಟಿಸಿಬಿಟ್ಟಿದ್ದ. ಯಾವುದು ಅಜ್ಜಿಯದು ಅಂದರೆ ಅವನಿಗೇ ಗೊತ್ತಿಲ್ಲ.

"ಆನ್ ಮಾಡಿ ನೋಡೋಣ. ಅದರ ಪಟ್ಟೀಲಿ ಅಜ್ಜಿ ಹೆಸರು ಬರ್ತೈತೆ," ಅಂದ.

ಒಂದನ್ನು ಆನ್ ಮಾಡಿದ. ಹಸಿರು ದೀಪ ಮಿಟುಕಿತು. ಪುಟ ತೆರೆದ. ಅಜ್ಜಿ, ಮೂವತ್ತನಾಲ್ಕು.

ಡಬ್ಬಿ ಅಂಗಡಿಯಲ್ಲಿದ್ದರೂ ಅಂಕಿ ತೊಟ್ಟಿಲಿಗೆ ಉಳಿದ ದೂರವನ್ನೇ ಹೇಳುತ್ತಿದ್ದ ಹಾಗಿತ್ತು. "ಸಿಕ್ತು!" ಅಂದ.

"ಇನ್ನೊಂದು ನೋಡು."

ಇನ್ನೊಂದನ್ನು ಆನ್ ಮಾಡಿದ. ಅಜ್ಜಿ, ಮೂವತ್ತನಾಲ್ಕು. ಮೂರನೆಯದು. ಅಜ್ಜಿ, ಮೂವತ್ತನಾಲ್ಕು.

ಆಗ ಬಾಯಿ ಬಿಟ್ಟ. ಒಂದೊಂದಕ್ಕೂ ಬೇರೆ ಬೇರೆ ಹೊಂದಿಸುವ ಸೋಮಾರಿತನಕ್ಕೆ, ಒಂದನ್ನು ಸರಿಯಾಗಿ ಹೊಂದಿಸಿ ಅದರ ನಕಲನ್ನೇ ಉಳಿದವಕ್ಕೆಲ್ಲ ತುಂಬುತ್ತಾನೆ. ಈ ಸಲ ನಕಲು ತೆಗೆದದ್ದು ಅಜ್ಜಿಯ ಡಬ್ಬಿಯಿಂದ. ಬೆಳಗಾದರೆ ಇಪ್ಪತ್ತು ಮನೆಗೆ ಹೊರಟಿದ್ದವು ಅವು... ಇಪ್ಪತ್ತು ತೊಟ್ಟಿಲು ಎಂದುಕೊಳ್ಳಿ.

"ಎಲ್ಲಾ ಬಾಗಿಲು ತೆಗಿ," ಅಂದೆ. "ಮೂಸು."

"ಏನು?"

"ಮೂಸೋ. ಅಳಿಸೀನಿ ಅಂದ್ಯಲ್ಲ, ವಾಸನೆ ಅಳಿಸೀಯೇನು?"

ಇಬ್ಬರೂ ಕೂತು ಒಂದೊಂದನ್ನೇ ಮೂಗಿಗೆ ಹಿಡಿದೆವು. ಹೊರಗೆ ಸ್ಪಿರಿಟ್ಟು, ಒಳಗೆ ಜನರ ಹೊಲಸು. ಒಂದರಲ್ಲಿ ಬೀಡಿ. ಒಂದರಲ್ಲಿ ಜೇಬಿನ ಬೆವರು. ಒಂದರಲ್ಲಿ ಜಿರಳೆ ಮೊಟ್ಟೆಯಿಟ್ಟು ಹೋಗಿತ್ತು. ಒಂದರಲ್ಲಿ ಒಣಮೀನು. ಒಂದರಲ್ಲಿ ತಲೆಗೆ ಹಚ್ಚುವ ಎಣ್ಣೆ ಜಿಡ್ಡುಗಟ್ಟಿ ಕಮಟು. ಮಾಲತೇಶ ಎರಡು ಸಲ ಹೊರಗೆ ಹೋಗಿ ಉಗುಳಿ ಬಂದ. ನಾನು ಏಳಲಿಲ್ಲ. ಮಕ್ಕಳ ಹೇಲು ಉಚ್ಚೆ ಬಳಿದವಳಿಗೆ ಇದೇನು.

ಹದಿನಾಲ್ಕನೆಯದೋ ಹದಿನೈದನೆಯದೋ... ತುಪ್ಪ. ಎಲೆ. ಸುಣ್ಣ. ಮುದುಕಿಯ ಬಾಯಿ ವಾಸನೆ. ಅದೇ.

ಉಳಿದ ಹತ್ತೊಂಬತ್ತನ್ನು ಬೆಳಗಿನ ಬಸ್ಸಿಗೆ ಕಳಿಸಕೂಡದು ಎಂದು ಅಂಗಡಿಗೆ ಬೀಗ ಹಾಕಿಸಿ, ಬೈಕಿನಲ್ಲಿ ಗೋವಿನಕೋವಿಗೆ ಹೋದೆವು. ಗೋರಿಯ ಮೇಲೆ ಎಡೆಯ ಎಲೆ ಒಣಗಿ ಸುರುಳಿಯಾಗಿತ್ತು. ಬೆಳಗ್ಗೆ ಇಟ್ಟ ಡಬ್ಬಿಗಾಗಿ ಟಾರ್ಚ್ ಬಿಟ್ಟು ಹುಡುಕಿದೆವು. ಇರಲಿಲ್ಲ.

"ನಾಯಿ ಕಚ್ಕೊಂಡು ಹೋಗಿರಬೇಕು," ಪಿಸುಗುಟ್ಟಿದ.

"ನಿನ್ನ ಥರದ್ದು ಇನ್ನೊಂದು ಇರ್ತೈತಾ?" ಅಂದೆ.

ಅವನ ಕೈಯಿಂದಲೇ ಮಣ್ಣು ಬಗೆಸಿದೆ. ಬ್ಯಾಟರಿ ಸಮೇತ ಇಡಿಸಿದೆ. ಮುಚ್ಚಿಸಿದೆ. "ತಪ್ಪಾಯ್ತು ಅಜ್ಜಿ ಅನ್ನು," ಅಂದೆ. ಅವನು ಹಾಗೇ ಅಂದ. ಈ ಸಲ ಇಬ್ಬರೂ ತಿರುಗಿ ನೋಡಲಿಲ್ಲ.

ಮನೆ ಮುಟ್ಟಿದಾಗ ಹನ್ನೊಂದು ಗಂಟೆ. ಬಾಗಿಲು ಬಡಿದೆವು. ಒಳಗಿನಿಂದ ಚಿಲಕ ತೆಗೆದ ಸದ್ದು ಕೇಳಿತು. ಚೈತ್ರಾಳ ಕಣ್ಣು ಕೆಂಪಾಗಿತ್ತು, ಆದರೆ ಮುಖ ಸಡಿಲವಾಗಿತ್ತು.

"ಅರ್ಧ ಗಂಟೆ ಆಯ್ತಕ್ಕ, ಸದ್ದು ನಿಂತು. ಮೈ ಬೆವರಿ ಜ್ವರ ಇಳೀತು. ಎರಡೂ ಕಡೆ ಕುಡಿದು ಮಲಗೈತೆ."

"ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ? ಚಿಲಕ ನಾನು ಈಗಲೇ ತೆಗೆದಿದ್ದು. ತೊಟ್ಟಿಲ ಹಗ್ಗ ಕೈಯಿಂದ ಬಿಟ್ಟಿಲ್ಲ."

ಮುಟ್ಟಿ ನೋಡಿದೆ. ಕೂಸಿನ ಹಣೆ ತಣ್ಣಗಿತ್ತು. ಬಟ್ಟೆ ಒದ್ದೆಯಾಗಿದೆ, ಬದಲಿಸೋಣ ಎಂದು ಎತ್ತಿಕೊಂಡೆ. ಕೆಳಗಿನ ಬಟ್ಟೆ ಸರಿಸಿದಾಗ ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು.

ಡಬ್ಬಿ. ನೆತ್ತಿಯ ಮೇಲೆ ನೈಲ್ ಪಾಲಿಶ್‌ನ ಕೆಂಪು ಬೊಟ್ಟು. ಸಂದಿಯಲ್ಲೆಲ್ಲ ಗೋರಿಯ ಕೆಂಪು ಮಣ್ಣು.

ಆ ಮುದುಕಿ ತನ್ನದಲ್ಲದ್ದನ್ನು ಇಟ್ಟುಕೊಳ್ಳುವವಳಲ್ಲ ಎಂದು ಚೈತ್ರಾ ಆಮೇಲೆ ಹೇಳಿದಳು. ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಮಾಲತೇಶ ಅದರ ಹಿಂದಿನ ಮುಚ್ಚಳ ತೆಗೆದ. ಅವನು ಬ್ಯಾಟರಿ ತೆಗೆದು ಖಾಲಿ ಮಾಡಿದ್ದ ಜಾಗ ಖಾಲಿ ಇರಲಿಲ್ಲ. ಬ್ಯಾಟರಿಯ ಅಳತೆಗೆ ಸರಿಯಾಗಿ, ನಾಲ್ಕು ಮೂಲೆಗೂ ಒತ್ತಿ, ಕುಟ್ಟಿ ಅಗಿದ ಎಲೆಯಡಿಕೆ ತುಂಬಿತ್ತು. ಮಾಲತೇಶ ಬಚ್ಚಲಿಗೆ ಓಡಿದ.

ನೀವು ನಂಬಿ, ಬಿಡಿ. ನಾನು ಮುಟ್ಟಿ ನೋಡಿದ್ದೇನೆ, ಈ ಬೆರಳಿನಿಂದಲೇ. ಎಷ್ಟು ತೊಳೆದರೂ ಎರಡು ದಿನ ಕೆಂಪು ಹೋಗಲಿಲ್ಲ.

ಎಲೆಯಡಿಕೆ ಇನ್ನೂ ಬೆಚ್ಚಗಿತ್ತು.